ಬಳಸುದಾರಿಯ ವೈದ್ಯ

ದೇಹಕ್ಕೆಲ್ಲ ರಕ್ತವನ್ನು ಹಂಚುವ ಹೃದಯವು ತನ್ನ ಕೋಣೆಗಳಲ್ಲಿ ತುಂಬಿದ ರಕ್ತದಿಂದಲೇ ತನ್ನನ್ನು ಪೋಷಿಸಿಕೊಳ್ಳಲಾರದು. ಕಣಜ ಕಾಯುವವನು ತನ್ನ ಪಡಿಗಾಗಿ ಕೈಯೊಡ್ಡುವಂತೆ, ಮಹಾಧಮನಿಯಿಂದ ಕವಲೊಡೆದು ತನ್ನ ಮೈಮೇಲೆ ಹರಡಿದ ಪರಿಧಮನಿಗಳನ್ನೇ ಅದು ನಂಬಿಕೊಂಡಿದೆ. ಆ ನಾಳಗಳಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾದರೆ ಎದೆನೋವು. ದಾರಿ ಮುಚ್ಚಿಹೋದರೆ ಹೃದಯಾಘಾತ.

ಈ ಅಡಚಣೆಗೆ ಬಳಸುದಾರಿಯನ್ನು ಕಲ್ಪಿಸುವ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಲೋಕರೂಢಿಗೆ ತಂದವರಲ್ಲಿ ಅರ್ಜೆಂಟೀನಾದ ರೆನೆ ಫವಲೋರೊ ಅಗ್ರಗಣ್ಯರು. ಬಡಗಿಯ ಮಗನಾಗಿ 1923ರಲ್ಲಿ ಹುಟ್ಟಿದ ಈತ 1950ರಿಂದ 12 ವರ್ಷ ಹಾಸಿಂತೊ ಅರಾವುಸ್ ಎಂಬ ದೂರದ ಊರಿನಲ್ಲಿ ವೈದ್ಯರಾಗಿದ್ದರು. ಅವರ ಕೀರ್ತಿಗಿಂತ ಈ 12 ವರ್ಷಗಳನ್ನೇ ನಾನು ಹೆಚ್ಚಾಗಿ ಗೌರವಿಸುತ್ತೇನೆ. ಬಡವನ ಮನೆಯ ರೋಗವನ್ನು ಅವರು ಅಲ್ಲಿ ಕಣ್ಣಾರೆ ಕಂಡರು.

1962ರಲ್ಲಿ ಅವರು ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್ ಸೇರಿದರು. ಪರಿಧಮನಿಗಳಿಗೆ ಬಣ್ಣದ್ರವವನ್ನು ಹಾಯಿಸಿ ಕ್ಷ-ಕಿರಣಗಳಿಂದ ಚಿತ್ರ ತೆಗೆಯುವ ವಿಧಾನವನ್ನು ಮೇಸನ್ ಸೋನ್ಸ್ 1958ರಲ್ಲಿ ಅಲ್ಲಿಯೇ ಕಂಡುಕೊಂಡಿದ್ದರು. ಆ ಚಿತ್ರಗಳು ಫವಲೋರೊ ಅವರಿಗೆ ಹೃದಯದ ನಕ್ಷೆಯಾದುವು. ಎದೆಯ ಒಳಗೋಡೆಯ ಧಮನಿಯೊಂದನ್ನು ಹೃದಯಕ್ಕೆ ಜೋಡಿಸುವ ಕಾರ್ಯವನ್ನು ಲೆನಿನ್‌ಗ್ರಾಡಿನ ಕೊಲೆಸೊವ್ 1964ರಲ್ಲಿಯೇ ಮಾಡಿದ್ದರು. ಫವಲೋರೊ 1967ರ ಮೇ ತಿಂಗಳಲ್ಲಿ ರೋಗಿಯ ಕಾಲಿನ ಅಭಿಧಮನಿಯ ತುಂಡನ್ನು ಪರಿಧಮನಿಗೆ ಕಸಿ ಮಾಡಿದರು. ಆ ತುಂಡಿನ ಒಂದು ತುದಿಯನ್ನು ಮಹಾಧಮನಿಗೂ ಮತ್ತೊಂದನ್ನು ಅಡಚಣೆಯ ಆಚೆಗೂ ಹೊಲಿಯುವ ಕ್ರಮ ಬೇಗನೆ ನೆಲೆಗೊಂಡಿತು. ಅಭಿಧಮನಿಯೊಳಗಿನ ಕವಾಟಗಳು ಒಂದೇ ದಿಕ್ಕಿಗೆ ತೆರೆಯುವುದರಿಂದ ಅದನ್ನು ತಲೆಕೆಳಗಾಗಿ ಹೊಲಿಯಬೇಕು. ಕಾಲಿನಲ್ಲಿ ಉಳಿದ ನಾಳಗಳು ಅದರ ಕೆಲಸವನ್ನು ವಹಿಸಿಕೊಳ್ಳುತ್ತವೆ. ಆದರೂ ಇದು ರೋಗದ ನಿರ್ಮೂಲನವಲ್ಲ. ವರ್ಷಗಳು ಕಳೆದಂತೆ ಹೊಸ ನಾಳವೂ ಮುಚ್ಚಬಹುದು. ಎದೆಯ ಧಮನಿಯ ಕಸಿ ಸಾಮಾನ್ಯವಾಗಿ ಹೆಚ್ಚು ಕಾಲ ಬಾಳುತ್ತದೆ.

ಕ್ಲೀವ್‌ಲೆಂಡಿನಲ್ಲಿಯೇ ಉಳಿದಿದ್ದರೆ ಫವಲೋರೊ ಅವರಿಗೆ ಯಾವ ಕೊರತೆಯೂ ಇರುತ್ತಿರಲಿಲ್ಲ. ಆದರೆ 1971ರಲ್ಲಿ ಅವರು ತಾಯ್ನಾಡಿಗೆ ಮರಳಿದರು. 1975ರಲ್ಲಿ ಸಂಸ್ಥೆಯೊಂದನ್ನು ಸ್ಥಾಪಿಸಿದರು. ತರುಣ ವೈದ್ಯರನ್ನು ತರಬೇತುಗೊಳಿಸಿದರು. ಹಣವಿಲ್ಲದವರಿಗೂ ಬಾಗಿಲು ತೆರೆದರು. ಕೊನೆಗೆ ಸಂಸ್ಥೆ ಸಾಲದಲ್ಲಿ ಮುಳುಗಿತು. ಅವರು ನೆರವು ಕೋರಿ ರಾಷ್ಟ್ರಾಧ್ಯಕ್ಷರಿಗೂ ಬರೆದರು. 2000ದ ಜುಲೈ 29ರಂದು, 77ರ ವಯಸ್ಸಿನಲ್ಲಿ, ತಾವೇ ತಮ್ಮ ಪ್ರಾಣವನ್ನು ತ್ಯಜಿಸಿದರು.

ಈ ಅಂತ್ಯವನ್ನು ದುರ್ಬಲನೊಬ್ಬನ ಸೋಲೆಂದು ಬಗೆಯಲು ನನ್ನ ಮನಸ್ಸೊಪ್ಪದು. ಅವರ ಸಂಸ್ಥೆ ಬ್ಯೂನೋಸ್ ಐರಿಸ್‌ನಲ್ಲಿ ಇಂದಿಗೂ ನಡೆಯುತ್ತಿದೆ. ಅವರು ರೂಢಿಗೆ ತಂದ ಚಿಕಿತ್ಸೆ ನಮ್ಮ ಊರುಗಳಿಗೂ ತಲಪಿದೆ. ಮುಚ್ಚಿದ ನಾಳಕ್ಕೆ ಬಳಸುದಾರಿಯನ್ನು ಅವರೊಬ್ಬರ ಕೈ ಹೊಲಿಯಬಲ್ಲದಾಗಿತ್ತು. ಬಡವನಿಂದ ಆಸ್ಪತ್ರೆಯವರೆಗಿನ ದಾರಿಯನ್ನು ತೆರೆದಿಡುವುದು ಒಬ್ಬರ ಕೈಯಿಂದ ಆಗುವುದಲ್ಲ. ಅದು ಸಮಾಜವೇ ಹೊರಬೇಕಾದ ಹೊಣೆ.