ಬೆನ್ನುಹುರಿಯ ಪೆಟ್ಟು ಮತ್ತು ನಿದ್ರೆ ಬಾರದ ರಾತ್ರಿ

ಬೆನ್ನುಹುರಿಗೆ ಪೆಟ್ಟು ಬಿದ್ದು ಕೈಕಾಲುಗಳ ಸ್ವಾಧೀನ ತಪ್ಪಿದವರಿಗೆ ಹಗಲಿಗಿಂತ ರಾತ್ರಿಯೇ ದೀರ್ಘ. ‘ಚಿಂತೆ ಬಿಡು ಮಾರಾಯ, ನಿದ್ದೆ ತಾನಾಗಿ ಬರುತ್ತದೆ’ ಎಂದು ಜೊತೆಯವರು ಸಮಾಧಾನ ಹೇಳುವುದುಂಟು. ಚಿಂತೆಯೊಂದೇ ಕಾರಣವಲ್ಲವೆಂಬುದನ್ನು ನಾವು ವಾಚಕರ ಗಮನಕ್ಕೆ ತರಬಯಸುತ್ತೇವೆ.

ಕತ್ತಲಾದೊಡನೆ ನಿದ್ರೆಯ ವೇಳೆಯನ್ನು ದೇಹಕ್ಕೆ ಸೂಚಿಸುವ ಮೆಲಟೋನಿನ್ ಎಂಬ ರಸವು ಮೆದುಳಿನ ಪೀನಿಯಲ್ ಗ್ರಂಥಿಯಲ್ಲಿ ಸ್ರವಿಸುತ್ತದೆ. ಆ ಗ್ರಂಥಿಯ ನರಮಾರ್ಗವು ಕತ್ತಿನ ಬೆನ್ನುಹುರಿಯಲ್ಲಿ ಇಳಿದು ಮತ್ತೆ ಮೇಲೇರುವುದು. ಅಲ್ಲಿ ಹುರಿಯು ಪೂರ್ಣವಾಗಿ ಘಾಸಿಗೊಂಡರೆ ಸೂಚನೆಯೇ ನಿಂತುಹೋಗುತ್ತದೆ. ಇದರ ಮೇಲೆ ಸ್ನಾಯುಗಳ ಸೆಳೆತ, ನರನೋವು, ನಿದ್ರೆಯಲ್ಲಿ ಉಸಿರು ಕಟ್ಟುವಿಕೆ. ಮಲಗಿದಲ್ಲಿಯೇ ಹುಣ್ಣಾಗದಂತೆ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಅಗತ್ಯ ಬೇರೆ.

ಆದುದರಿಂದ ವೈದ್ಯರನ್ನು ಕೇಳದೆ ನಿದ್ರೆಯ ಗುಳಿಗೆ ತರಿಸಬಾರದು. ಉಸಿರು ಕಟ್ಟುವವರಿಗೆ ಅದು ಅಪಾಯಕಾರಿ. ಗೊರಕೆ, ಸೆಳೆತ, ಎಚ್ಚರವಾಗುವ ವೇಳೆ ಇವನ್ನು ಬರೆದಿಟ್ಟು ವೈದ್ಯರಿಗೆ ತೋರಿಸಬೇಕು. ಮುಂಬಯಿಯ ಹಾಜಿ ಅಲಿಯಲ್ಲಿ 1955ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಭೌತಿಕ ವೈದ್ಯ ಮತ್ತು ಪುನರ್ವಸತಿ ಸಂಸ್ಥೆಯು ಅಂಗವೈಕಲ್ಯವುಳ್ಳವರಿಗಾಗಿಯೇ ಇದೆ.

ಒಂದೇ ಖೋಲಿಯಲ್ಲಿ ಐದಾರು ಮಂದಿ ಮಲಗುವ ನಮ್ಮ ಬಂಧುಗಳು ಮಗ್ಗುಲು ಬದಲಿಸುವ ಕೆಲಸವನ್ನು ಹಂಚಿಕೊಳ್ಳಲಿ. ಹೋಟೆಲಿನವರಿಗೆ ಪಾಳಿ ಹೊಸತಲ್ಲ. ಒಬ್ಬನೇ ರಾತ್ರಿಯೆಲ್ಲ ಎಚ್ಚರವಿದ್ದರೆ ರೋಗಿಯೊಡನೆ ಆರೈಕೆಯವನೂ ಹಾಸಿಗೆ ಹಿಡಿಯುವನು.