ಒತ್ತಡ ಏರಿಸುವ ಮುನ್ನ ಸೋರಿಕೆ ನೋಡಿ

ರಾತ್ರಿ ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ತಲೆಭಾರ, ಹಗಲೆಲ್ಲ ತೂಕಡಿಕೆ. ಮನೆಯವರು ಹೇಳುವಂತೆ ಜೋರು ಗೊರಕೆ, ನಡುನಡುವೆ ಉಸಿರು ನಿಂತು ಮತ್ತೆ ಏದುಸಿರು. ಇವು ಸ್ಲೀಪ್ ಆಪ್ನಿಯಾದ ಸಾಮಾನ್ಯ ಲಕ್ಷಣಗಳು. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ವಾಯುಮಾರ್ಗ ಮುಚ್ಚಿಕೊಳ್ಳುವುದು ಇದಕ್ಕೆ ಮುಖ್ಯ ಕಾರಣ. ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ತಿರುವು ರಸ್ತೆಯಲ್ಲಿ ವಾಹನ ನಡೆಸುವವರಿಗೆ ಒಂದು ಕ್ಷಣದ ತೂಕಡಿಕೆಯೂ ಪ್ರಾಣಾಪಾಯವೇ ಸರಿ.

ಮುಚ್ಚುವ ಗಂಟಲನ್ನು ಗಾಳಿಯ ಒತ್ತಡದಿಂದಲೇ ತೆರೆದಿಡಬಹುದೆಂದು ಆಸ್ಟ್ರೇಲಿಯದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ತೋರಿಸಿದರು. ಇಂದಿನ ಸಿಪ್ಯಾಪ್ ಯಂತ್ರದ ತತ್ತ್ವ ಅದೇ. ಸಣ್ಣ ಪಂಖವೊಂದು ಕೊಳವೆ ಮತ್ತು ಮುಖವಾಡದ ಮೂಲಕ ಗಾಳಿಯನ್ನು ನೂಕುತ್ತದೆ.

ಹತ್ತು ಸೆಂಟಿಮೀಟರ್ ಎಂದರೆ ಎಷ್ಟು?

ವೈದ್ಯರ ಚೀಟಿಯಲ್ಲಿ ‘10 ಸೆಂ.ಮೀ. ನೀರು’ ಎಂದಿರಬಹುದು. ಗಾರೆ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆಯನ್ನು ನೆನೆಯಿರಿ. ಅದರ ಒಂದು ತುದಿಗೆ ಈ ಗಾಳಿ ಒತ್ತಿದರೆ ಎರಡು ಬದಿಯ ನೀರಿನ ಮಟ್ಟಗಳ ನಡುವೆ 10 ಸೆಂ.ಮೀ. ವ್ಯತ್ಯಾಸ ಬರುತ್ತದೆ. ಸಮುದ್ರಮಟ್ಟದ ವಾಯುಮಂಡಲದ ಒತ್ತಡ ಸುಮಾರು 1,030 ಸೆಂ.ಮೀ. ನೀರಿಗೆ ಸಮ. ಅಂದರೆ ಯಂತ್ರ ಕೂಡಿಸುವುದು ಶೇಕಡ 1ರಷ್ಟು ಮಾತ್ರ. ಸಾಮಾನ್ಯ ಯಂತ್ರಗಳ ವ್ಯಾಪ್ತಿ 4ರಿಂದ 20 ಸೆಂ.ಮೀ.

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದರೆ ಹೊರಗಿನ ಒತ್ತಡ ಇದಕ್ಕಿಂತ ಎಷ್ಟೋ ಹೆಚ್ಚು ಕುಸಿಯುತ್ತದೆ. ಆದರೆ ಗಂಟಲಿಗೆ ಮುಖ್ಯವಾದುದು ಒಳ-ಹೊರ ಒತ್ತಡಗಳ ವ್ಯತ್ಯಾಸ. ತೆಳುಗಾಳಿಯಲ್ಲಿ ಅದೇ ವ್ಯತ್ಯಾಸ ತರಲು ಪಂಖ ಹೆಚ್ಚು ವೇಗವಾಗಿ ತಿರುಗಬೇಕು. ಹೊಸ ಯಂತ್ರಗಳು ಸಾಮಾನ್ಯವಾಗಿ ಇದನ್ನು ತಾವೇ ಸರಿಪಡಿಸಿಕೊಳ್ಳುತ್ತವೆ; ಕೆಲವು ಹಳೆಯವುಗಳಲ್ಲಿ ಕೈಯಿಂದ ಹೊಂದಿಸಬೇಕು. ಕೊಳ್ಳುವಾಗಲೇ ಕೇಳಿ ತಿಳಿಯಿರಿ.

ಸೋರಿಕೆಯ ಲೆಕ್ಕ

ಯಂತ್ರ ಬಳಸಿದರೂ ತೂಕಡಿಕೆ ಹೋಗಲಿಲ್ಲವೆಂದು ಮಾರಾಟಗಾರರಿಗೆ ಫೋನು ಮಾಡುತ್ತೀರಿ ಎನ್ನಿ. ‘ಒತ್ತಡ ಸ್ವಲ್ಪ ಏರಿಸಿಬಿಡೋಣ’ ಎಂಬ ಉತ್ತರ ಬರಬಹುದು. ಒಪ್ಪುವ ಮುನ್ನ ಯೋಚಿಸಿ.

ಮುಖವಾಡದ ಅಂಚಿನಲ್ಲಿ ಸಂದು ಇದ್ದರೆ ಅಲ್ಲಿ ಸೋರುವ ಗಾಳಿ ಸ್ಥೂಲವಾಗಿ ಒತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಒತ್ತಡವನ್ನು 9ರಿಂದ 16ಕ್ಕೆ ಏರಿಸಿದರೆ ವರ್ಗಮೂಲ 3ರಿಂದ 4ಕ್ಕೆ ಏರುತ್ತದೆ. ಅದೇ ಸಂದಿನ ಸೋರಿಕೆ ಮೂರನೇ ಒಂದರಷ್ಟು ಹೆಚ್ಚುತ್ತದೆ. ಹೆಚ್ಚಿದ ಒತ್ತಡ ಮುಖವಾಡವನ್ನೇ ಎತ್ತಿ ಸಂದನ್ನು ಹಿಗ್ಗಿಸಿದರೆ ಇನ್ನೂ ನಷ್ಟ. ತೂತು ಬಿದ್ದ ಬಕೆಟ್ಟಿಗೆ ನಲ್ಲಿಯನ್ನು ಜೋರಾಗಿ ತಿರುಗಿಸಿದಂತೆ! ಮೊದಲು ನೋಡಬೇಕಾದುದು ಮುಖವಾಡದ ಅಳತೆ, ಪಟ್ಟಿಯ ಬಿಗಿ, ಸವೆದ ಮೆತ್ತೆ, ಬಾಯಿ ತೆರೆದು ಮಲಗುವ ಅಭ್ಯಾಸ. ಆದರೆ ನಿಶ್ವಾಸದ ಗಾಳಿ ಹೊರಹೋಗಲೆಂದು ಮುಖವಾಡದಲ್ಲೇ ಇಟ್ಟಿರುವ ಸಣ್ಣ ರಂಧ್ರಗಳನ್ನು ಎಂದಿಗೂ ಮುಚ್ಚಬೇಡಿ.

ಇನ್ನೊಂದು ಎಚ್ಚರ: ಕೆಲವರಲ್ಲಿ ಗಂಟಲು ತೆರೆದಿದ್ದರೂ ಉಸಿರಾಡುವ ಆದೇಶ ಮಿದುಳಿನಿಂದ ಸರಿಯಾಗಿ ಬರುವುದಿಲ್ಲ. ಅಂಥವರಿಗೆ ಒತ್ತಡ ಏರಿಸಿದರೆ ತೊಂದರೆ ಹೆಚ್ಚಲೂಬಹುದು. ಇದನ್ನು ನಿರ್ಧರಿಸಬೇಕಾದವರು ವೈದ್ಯರು.

ಮಾರಾಟಗಾರರಿಂದ ಏನು ಕೇಳಬೇಕು?

ನಮ್ಮ ಮೂರು ತಾಲ್ಲೂಕುಗಳವರು ಇಂಥ ಯಂತ್ರಕ್ಕೆ ಬಹುಮಟ್ಟಿಗೆ ಮೈಸೂರು ಅಥವಾ ಬೆಂಗಳೂರನ್ನೇ ನೆಚ್ಚಬೇಕು. ಮತ್ತೆ ಮತ್ತೆ ಹೋಗಿಬರುವುದು ಕಷ್ಟವಾದ್ದರಿಂದ ಮೊದಲ ದಿನವೇ ಕೇಳಿ:

1. ವೈದ್ಯರು ಬರೆದ ಒತ್ತಡವನ್ನೇ ಹೊಂದಿಸಿದ್ದೀರಾ? ತೆರೆಯ ಮೇಲೆ ತೋರಿಸಿ.
2. ಮಾಪಕ ಜೋಡಿಸಿ ಆ ಒತ್ತಡ ನಿಜವಾಗಿ ಬರುತ್ತಿದೆಯೆಂದು ತೋರಿಸುವಿರಾ?
3. ರಾತ್ರಿಯ ಸೋರಿಕೆ ಮತ್ತು ಎ.ಎಚ್.ಐ. ಅಂಕಿಗಳನ್ನು ನಾನೇ ನೋಡುವುದು ಹೇಗೆ?
4. ಮುಖವಾಡ ಹೊಂದದಿದ್ದರೆ ಎಷ್ಟು ದಿನದೊಳಗೆ ಬದಲಿಸಿಕೊಡುತ್ತೀರಿ?

ಎ.ಎಚ್.ಐ. ಎಂದರೆ ಗಂಟೆಗೆ ಸರಾಸರಿ ಎಷ್ಟು ಬಾರಿ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಎಣಿಕೆ. ಚಿಕಿತ್ಸೆಯಲ್ಲಿ ಇದು ಸಾಮಾನ್ಯವಾಗಿ 5ಕ್ಕಿಂತ ಕಡಿಮೆ ಇರಬೇಕು. ಒತ್ತಡ, ಸೋರಿಕೆ, ಎ.ಎಚ್.ಐ. ಈ ಮೂರನ್ನೂ ಒಂದು ವಾರ ಪುಸ್ತಕದಲ್ಲಿ ಬರೆದು ವೈದ್ಯರಿಗೆ ತೋರಿಸಿ. ಮುಖವಾಡ, ಕೊಳವೆ, ಸೋಸುಕಗಳು ಮಾರಾಟಗಾರರ ಹೊಣೆ. ಒತ್ತಡದ ಅಂಕಿ ವೈದ್ಯರ ಹೊಣೆ. ಬದಲಾವಣೆಯಾದರೆ ದಿನಾಂಕ ಸಹಿತ ಬರವಣಿಗೆಯಲ್ಲಿ ಪಡೆಯಿರಿ.

ಬಿಲ್ಲು, ಖಾತರಿ ಪತ್ರ ಮತ್ತು ಯಂತ್ರದ ಕ್ರಮಸಂಖ್ಯೆಯನ್ನು ಜೋಪಾನವಾಗಿಡಿ. ಫಿಲಿಪ್ಸ್ ಸಂಸ್ಥೆಯು 2021ರ ಜೂನ್‌ನಲ್ಲಿ ತನ್ನ ಹಲವು ಉಸಿರಾಟದ ಯಂತ್ರಗಳನ್ನು, ಒಳಗಿನ ಶಬ್ದನಿರೋಧಕ ಫೋಮ್ ಶಿಥಿಲವಾಗುವ ಕಾರಣಕ್ಕೆ, ಹಿಂದಕ್ಕೆ ಪಡೆಯುವುದಾಗಿ ಪ್ರಕಟಿಸಿತು. ಅಂಥ ಸಂದರ್ಭದಲ್ಲಿ ನಿಮ್ಮ ಯಂತ್ರ ಪಟ್ಟಿಯಲ್ಲಿದೆಯೇ ಎಂದು ತಿಳಿಸುವುದು ಆ ಸಂಖ್ಯೆಯೇ.

ಸೇವೆ ಸಿಗದಿದ್ದರೆ 1915ಕ್ಕೆ ಕರೆಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಾರಾಟಗಾರರು ಬೆಂಗಳೂರಿನವರಾದರೂ ಚಾಮರಾಜನಗರದ ಜಿಲ್ಲಾ ಆಯೋಗ ನಿಮಗೆ ತೆರೆದಿದೆ.

ಇಂದು ರಾತ್ರಿಯೇ ಒಂದು ಪರೀಕ್ಷೆ ಮಾಡಿ ನೋಡಿ. ಮುಖವಾಡ ಧರಿಸಿ, ಯಂತ್ರ ಚಾಲೂ ಮಾಡಿ, ಮಲಗಿ. ಅಂಚಿನ ಸುತ್ತ ಒದ್ದೆ ಬೆರಳಾಡಿಸಿ. ತಣ್ಣನೆ ಗಾಳಿ ತಾಗಿದ ಕಡೆಯೇ ಸೋರಿಕೆ. ನಾಳೆ ಫೋನು ಮಾಡುವಾಗ ಮೊದಲು ಅದನ್ನೇ ಹೇಳಿ.