ಹಿರಣ್ಯಕೇಶಿಯ ದಂಡೆಯಲ್ಲಿ ಶಾಂಪೂ ಲೆಕ್ಕ

ನಮ್ಮ ಸಂಕೇಶ್ವರದ ಹೊಳೆಯ ಹೆಸರು ಹಿರಣ್ಯಕೇಶಿ. ಹಿರಣ್ಯ ಎಂದರೆ ಹೊನ್ನು, ಕೇಶ ಎಂದರೆ ಕೂದಲು. ಅಂಬೋಲಿ ಘಟ್ಟದಲ್ಲಿ ಹುಟ್ಟಿ, ಗಡಹಿಂಗ್ಲಜ ದಾಟಿ ನಮ್ಮೂರಿಗೆ ಬಂದು, ಮುಂದೆ ಘಟಪ್ರಭೆಗೆ ಸೇರುವ ಈ ಹೊಂಗೂದಲಿನ ತಾಯಿಯ ಹೆಸರನ್ನೇ ಇಲ್ಲಿಯ ಸಕ್ಕರೆ ಕಾರ್ಖಾನೆಗೂ ಇಟ್ಟಿದ್ದಾರೆ. ಇಂಥ ಊರಲ್ಲಿದ್ದು ಕೂದಲಿನ ಬಗ್ಗೆ ನಾಲ್ಕು ಮಾತು ಬರೆಯದಿದ್ದರೆ ಹೇಗೆ? ನನ್ನ ತಲೆಯಂತೂ ಇಪ್ಪತ್ತು ವರ್ಷದಿಂದ ಬಯಲು. ಆದರೆ ಬದುಕಿನುದ್ದಕ್ಕೂ ಬ್ಯಾಂಕಿನ ಕೌಂಟರಿನಲ್ಲಿ ಕೂತು ಇನ್ನೊಬ್ಬರ ಹಣ ಎಣಿಸಿದವನು ನಾನು. ಇನ್ನೊಬ್ಬರ ಕೂದಲಿನ ಲೆಕ್ಕ ಬರೆದರೆ ಯಾರೂ ತಪ್ಪು ತಿಳಿಯಲಿಕ್ಕಿಲ್ಲ.

ಪ್ರಶ್ನೆ ಇಷ್ಟೇ. ಅಂಗಡಿಯಲ್ಲಿ ಒಂದು ರೂಪಾಯಿಗೆ ಶಾಂಪೂ ಚೀಟಿ ಸಿಗುತ್ತದೆ. ಮೊಬೈಲಿನಲ್ಲಿ ನಾಲ್ಕು ಬಾಟಲಿಯ ‘ಕಿಟ್’ ಒಂದೂವರೆ ಸಾವಿರಕ್ಕೆ ಸಿಗುತ್ತದೆ. ಕೂದಲಿಗೆ ಇವೆರಡರ ವ್ಯತ್ಯಾಸ ಗೊತ್ತಾಗುತ್ತದೆಯೇ?

ಮೊದಲು ಶಬ್ದದ ಕಥೆ. ಶಾಂಪೂ ಎಂಬುದು ಇಂಗ್ಲಿಷರು ನಮಗೆ ಕೊಟ್ಟ ಮಾತಲ್ಲ, ನಾವು ಅವರಿಗೆ ಕೊಟ್ಟದ್ದು. ಹಿಂದಿಯ ‘ಚಾಂಪೋ’, ಅಂದರೆ ಒತ್ತು, ತಿಕ್ಕು. ನಮ್ಮ ಕಡೆ ಇಂದಿಗೂ ತಲೆಗೆ ‘ಚಂಪಿ’ ಮಾಡಿಸಿಕೊಳ್ಳುತ್ತಾರಲ್ಲ, ಅದೇ. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದ್ ಎಂಬಾತ ಇಂಗ್ಲೆಂಡಿಗೆ ಹೋಗಿ, ಬ್ರೈಟನ್ ಊರಿನ ಸಮುದ್ರ ದಂಡೆಯಲ್ಲಿ ಹಬೆಸ್ನಾನದ ಮನೆ ತೆರೆದ. ಅಲ್ಲಿ ಮೈ ತಿಕ್ಕುವ ಕೆಲಸಕ್ಕೆ ‘ಶಾಂಪೂಯಿಂಗ್’ ಎಂದು ಹೆಸರು. ಅಲ್ಲಿನ ರಾಜರ ಮೈಯನ್ನೂ ಆತ ತಿಕ್ಕಿದ್ದಾನೆ. ಮೈ ತಿಕ್ಕುವ ಮಾತು ತಲೆ ತಿಕ್ಕುವುದಕ್ಕೆ ಇಳಿದದ್ದು, ಬಾಟಲಿಯೊಳಗೆ ಹೊಕ್ಕದ್ದು ಆಮೇಲೆ.

ಆ ಬಾಟಲಿಯನ್ನು ಒಡೆದು ಚೀಟಿಗೆ ಸುರಿದದ್ದು ಮಾತ್ರ ನಮ್ಮ ನೆರೆಯ ತಮಿಳುನಾಡಿನವರು. ಕಡಲೂರಿನ ಚಿನ್ನಿ ಕೃಷ್ಣನ್ ಎಂಬವರಿಗೆ, ಉಳ್ಳವರು ಬಳಸುವುದು ಕೂಲಿಯವನಿಗೂ ಸಿಗಬೇಕು ಎಂಬ ಹಠ. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಹದಿನೈದು ಸಾವಿರ ರೂಪಾಯಿ ಹಾಕಿ ಚಿಕ್ ಶಾಂಪೂ ಶುರು ಮಾಡಿದರು. ಖಾಲಿ ಚೀಟಿ ಐದು ತಂದುಕೊಟ್ಟರೆ ಹೊಸದೊಂದು ಪುಕ್ಕಟೆ ಎಂಬ ಯೋಜನೆಯೂ ಅವರದೇ. ಚೀಟಿ ಬರುವ ಮೊದಲು ನಮ್ಮ ಓಣಿಯಲ್ಲಿ ಶಾಂಪೂ ಬಾಟಲಿ ಇದ್ದ ಮನೆ ಒಂದೋ ಎರಡೋ. ಬಂದ ಮೇಲೆ ಹೊಲಕ್ಕೆ ಕಳೆ ತೆಗೆಯಲು ಹೋಗುವ ಹೆಣ್ಣುಮಕ್ಕಳ ತಲೆಯಲ್ಲೂ ನೊರೆ ಕಂಡಿತು.

ಈಗ ಲೆಕ್ಕ. ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ನಾನು ತಂದ ಒಂದು ರೂಪಾಯಿಯ ಚೀಟಿಯಲ್ಲಿ 5.5 ಮಿಲಿ ಇತ್ತು. ಅಂದರೆ ಒಂದು ಮಿಲಿಗೆ ಸುಮಾರು 18 ಪೈಸೆ. ಅದೇ ಅಂಗಡಿಯಲ್ಲಿ 180 ಮಿಲಿಯ ಬಾಟಲಿಗೆ ₹135, ಮಿಲಿಗೆ 75 ಪೈಸೆ. ದೊಡ್ಡದು ತೆಗೆದುಕೊಂಡರೆ ಅಗ್ಗ ಎಂಬ ನಮ್ಮ ಸಂತೆಯ ನ್ಯಾಯ ಇಲ್ಲಿ ತಲೆಕೆಳಗು! ಕಿಟ್ಟಿನೊಳಗಿನ ಶಾಂಪೂ 200 ಮಿಲಿ, ಬಿಡಿಯಾಗಿ ಕೊಂಡರೆ ₹449. ಮಿಲಿಗೆ ಎರಡೂಕಾಲು ರೂಪಾಯಿ, ಚೀಟಿಯ ಹನ್ನೆರಡು ಪಟ್ಟು. ಉದ್ದ ಜಡೆಗೆ ಒಂದು ಸಲಕ್ಕೆ 8 ಮಿಲಿ ಹಿಡಿಯಿರಿ, ವಾರಕ್ಕೆ ಎರಡು ಸಲ. ವರ್ಷಕ್ಕೆ ಚೀಟಿಯವರಿಗೆ ₹150, ಕಿಟ್ಟಿನವರಿಗೆ ₹1,870. ಈಗ ಪೊಟ್ಟಣದ ಮೇಲೆ ಒಂದು ಮಿಲಿಗೆ ಅಥವಾ ಒಂದು ಗ್ರಾಮಿಗೆ ಎಷ್ಟು ಎಂದೂ ಮುದ್ರಿಸಿರುತ್ತಾರೆ. ಬೆಲೆಯ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿರುತ್ತದೆ, ಚಷ್ಮಾ ಹಾಕಿಕೊಂಡು ನೋಡಿ.

ಹಾಗಾದರೆ ಹನ್ನೆರಡು ಪಟ್ಟು ಹಣಕ್ಕೆ ಹನ್ನೆರಡು ಪಟ್ಟು ಗುಣ ಇದೆಯೋ? ಬಾಟಲಿ ತಿರುವಿ ಹಿಂಬದಿ ಓದಬೇಕು. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಆಮೇಲೆ. ಚೀಟಿಯಲ್ಲೂ ಮೊದಲ ಹೆಸರು ನೀರು, ಕಿಟ್ಟಿನಲ್ಲೂ ನೀರು. ಎರಡನೆಯದು ಸೋಡಿಯಂ ಲಾರೆತ್ ಸಲ್ಫೇಟ್, ಕೊಳೆ ಎತ್ತುವ ಪದಾರ್ಥ. ಅದೂ ಎರಡರಲ್ಲೂ ಇತ್ತು. ಬಾಟಲಿಯ ಮುಖದ ಮೇಲೆ ಮಿಂಚುವ ಈರುಳ್ಳಿ, ಬಾದಾಮಿ, ಗರುಗದ ಎಲೆ ಇವೆಲ್ಲ ಪಟ್ಟಿಯ ಬಾಲದಲ್ಲಿ, ಸುವಾಸನೆಯ ಅಕ್ಕಪಕ್ಕ ಕೂತಿದ್ದವು. ಸಲ್ಫೇಟ್ ಇಲ್ಲದ ಸೌಮ್ಯ ಶಾಂಪೂಗಳೂ ಇವೆ. ಚರ್ಮ ತೀರ ಒಣಗಿದವರಿಗೆ, ಕೂದಲಿಗೆ ಬಣ್ಣ ಹಚ್ಚಿದವರಿಗೆ ಅವು ಹಿತವಾದಾವು. ಉಳಿದವರ ತಲೆಗೆ ಕೊಳೆ ಹೋದರೆ ಸಾಕು.

ಕೂದಲು ಜೀವ ಇಲ್ಲದ ವಸ್ತು. ಜೀವ ಇರುವುದು ಚರ್ಮದೊಳಗಿನ ಬೇರಿನಲ್ಲಿ. ಹೊರಗೆ ಬಂದದ್ದು ಉಗುರಿನ ಹಾಗೆ ಕೆರಾಟಿನ್ ಎಂಬ ಪ್ರೋಟೀನಿನ ಎಳೆ, ಮೇಲೆ ಮೀನಿನ ಹುರುಪೆಯಂಥ ಪದರು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. 9ನೇ ಈಯತ್ತೆಯ ಹುಡುಗಿಯ ಜಡೆ 60 ಸೆಂಟಿಮೀಟರ್ ಇದ್ದರೆ, ಅದರ ತುದಿ ಅವಳು 4ನೇ ಈಯತ್ತೆಯಲ್ಲಿದ್ದಾಗ ಹುಟ್ಟಿದ್ದು! ಐದು ವರ್ಷದ ಬಿಸಿಲು, ಹಣಿಗೆ, ರಬ್ಬರ್ ಬ್ಯಾಂಡು ಎಲ್ಲ ತಿಂದ ತುದಿ ಸೀಳಿದರೆ ಅದನ್ನು ಯಾವ ಸೀರಮ್ಮೂ ಹೊಲಿಯಲಾರದು. ಕತ್ತರಿಯೇ ಮದ್ದು.

‘ಹಿಂದಿನ ಕಾಲವೇ ಚೆನ್ನಾಗಿತ್ತು, ಸೀಗೆಕಾಯಿ ಸಾಕು’ ಎನ್ನುವ ಅಜ್ಜ ಅಜ್ಜಿಯರು ಸ್ವಲ್ಪ ತಾಳಿ. ಸೀಗೆಕಾಯಿ, ಅಂಟುವಾಳದಲ್ಲಿ ಸಪೋನಿನ್ ಎಂಬ ನೊರೆ ಪದಾರ್ಥ ಇದೆ, ಕೊಳೆ ತೆಗೆಯುತ್ತದೆ, ನಿಜ. ಆದರೆ ದೀಪಾವಳಿಯ ನಸುಕಿನಲ್ಲಿ ಕಣ್ಣಿಗೆ ಸೀಗೆಪುಡಿ ಹೊಕ್ಕು ನಾವು ಚೀರಿದ್ದೂ ನಿಜ, ಬಾಚಿದಾಗ ಮಧ್ಯಾಹ್ನದವರೆಗೆ ಪುಡಿ ಉದುರಿದ್ದೂ ನಿಜ. ಇನ್ನು ಮೈ ಸಾಬೂನನ್ನೇ ತಲೆಗೆ ತಿಕ್ಕುವ ರೂಢಿಯನ್ನಂತೂ ಬಿಟ್ಟೇ ಬಿಡಬೇಕು. ಹೊಳೆಯ ನೀರಿಗೆ ಅದು ನಡೆಯುತ್ತಿತ್ತು. ಈಗ ಮನೆಮನೆಗೆ ಬೋರಿನ ನೀರು, ಗಡಸು ನೀರು. ಅದರೊಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಕೂಡಿ ಕರಗದ ಗಸಿ ಆಗುತ್ತದೆ. ಬಕೆಟ್ಟಿನ ಅಂಚಿಗೆ ಬಿಳಿ ಜಿಡ್ಡು ಕೂರುತ್ತದಲ್ಲ, ಅದೇ ಕೂದಲಿಗೂ ಕೂರುತ್ತದೆ. ಶಾಂಪೂವಿನಲ್ಲಿ ಈ ಗಸಿ ಆಗುವುದಿಲ್ಲ. ಒಂದು ರೂಪಾಯಿಯದರಲ್ಲೂ ಆಗುವುದಿಲ್ಲ.

ಈಗ ನಾನು ಈ ಲೆಕ್ಕಕ್ಕೆ ಇಳಿದ ಕಾರಣ ಹೇಳುತ್ತೇನೆ. ನನ್ನ ಮೊಮ್ಮಗಳು 9ನೇ ಈಯತ್ತೆ, ನಮ್ಮ ಜೊತೆಗೇ ಇರುವವಳು. ಹೋದ ವರ್ಷ ಶ್ರಾವಣದಲ್ಲಿ ಅವಳಿಗೆ ಟೈಫಾಯ್ಡ್ ಬಂತು. ಮೂರು ವಾರ ಮಲಗಿ ಎದ್ದಳು, ಗುಣವಾಯಿತು. ದೀಪಾವಳಿ ಬರುವ ಹೊತ್ತಿಗೆ ಕೂದಲು ಉದುರತೊಡಗಿತು. ಎಷ್ಟೆಂದರೆ ಬಚ್ಚಲ ಮೋರಿ ಕಟ್ಟಿಕೊಳ್ಳುತ್ತಿತ್ತು, ದಿಂಬಿನ ಮೇಲೆ ಗುಂಗುರು ಗುಂಗುರಾಗಿ ಬಿದ್ದಿರುತ್ತಿತ್ತು. ಹುಡುಗಿ ಶಾಲೆಗೆ ಸ್ಕಾರ್ಫ್ ಕಟ್ಟಿಕೊಂಡು ಹೋಗಲು ಶುರು ಮಾಡಿದಳು. ಗ್ಯಾದರಿಂಗಿನ ಡಾನ್ಸಿನಿಂದ ಹೆಸರು ತೆಗೆಸಿದಳು. ಅನ್ನದ ತಟ್ಟೆಯಲ್ಲಿ ಒಂದು ಕೂದಲು ಕಂಡರೆ ಅಷ್ಟಕ್ಕೇ ಎದ್ದು ಹೋಗುತ್ತಿದ್ದಳು. ಒಂದು ಸಂಜೆ ಮೊಬೈಲ್ ತಂದು ತೋರಿಸಿದಳು.

“ಅಜ್ಜಾ, ಈ ಕಿಟ್ ಬೇಕs ಬೇಕು. ಮೂರ ತಿಂಗಳದಾಗ ಹೊಸಾ ಕೂದಲಾ ಬರ್ತಾವಂತ. ಸಾವಿರದಾ ನಾಕನೂರಾ ತೊಂಬತ್ತೊಂಬತ್ತು ಅಷ್ಟs.”

ನಾನು ಕಾಗದ ಪೆನ್ನು ತೆಗೆದೆ. ನಮ್ಮ ಮನೆಯವರು ಒಳಗಿನಿಂದಲೇ ಕೂಗಿದರು: “ಲೆಕ್ಕಾ ಆಮ್ಯಾಲ ಮಾಡ್ರಿ. ಮೊದಲ ಹುಡಗೀನ ದವಾಖಾನಿಗೆ ಕರ್ಕೊಂಡ ಹೋಗ್ರಿ. ಮಾರಿ ನೋಡ್ರಿ, ಸುಣ್ಣದಂಗ ಆಗೇತಿ.”

ಸರಕಾರಿ ದವಾಖಾನೆಯ ಡಾಕ್ಟರಮ್ಮ ತಲೆ ನೋಡುವ ಮೊದಲು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ರಕ್ತ ಪರೀಕ್ಷೆ ಆಯಿತು. ಹಿಮೋಗ್ಲೋಬಿನ್ 9.2. ಈ ವಯಸ್ಸಿನ ಹುಡುಗಿಗೆ 12 ಇರಬೇಕು. ಆಮೇಲೆ ಅವರು ಅವಳಿಗೇ ತಿಳಿಸಿ ಹೇಳಿದರು. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು ಇರುತ್ತವೆ. ದಿನಕ್ಕೆ ಐವತ್ತರಿಂದ ನೂರು ಉದುರುವುದು ಎಲ್ಲರಿಗೂ ಇದ್ದದ್ದೇ. ದೊಡ್ಡ ಜ್ವರ ಬಂದಾಗ ಬೆಳೆಯುತ್ತಿದ್ದ ಎಷ್ಟೋ ಕೂದಲು ಒಮ್ಮೆಲೇ ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತವೆ. ಎರಡು ಮೂರು ತಿಂಗಳ ಮೇಲೆ ಅವೆಲ್ಲ ಕೂಡಿಯೇ ಉದುರುತ್ತವೆ. ಜ್ವರ ಮರೆತುಹೋಗಿರುತ್ತದೆ, ಅದಕ್ಕೇ ಗಾಬರಿ. ಬೇರು ಸತ್ತಿರುವುದಿಲ್ಲ, ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ತಾನೇ ನಿಲ್ಲುತ್ತದೆ. ಆದರೆ ರಕ್ತದಲ್ಲಿ ಕಬ್ಬಿಣ ಕಡಿಮೆ ಇದ್ದರೆ ಅದು ಬೇರೆಯೇ ಕಾರಣ, ಅದನ್ನು ಸರಿಪಡಿಸಲೇಬೇಕು.

“ಶಾಲ್ಯಾಗ ವಾರಕ್ಕೊಮ್ಮೆ ನೀಲಿ ಗುಳಗಿ ಕೊಡ್ತಾರಲ್ಲ, ನುಂಗ್ತೀಯೇನವಾ?” ಎಂದು ಕೇಳಿದರು. ಹುಡುಗಿ ನೆಲ ನೋಡಿದಳು. ಮನೆಗೆ ಬಂದ ಮೇಲೆ ಕಂಪಾಸ್ ಪೆಟ್ಟಿಗೆ ತೆರೆದರೆ ಹನ್ನೊಂದು ಗುಳಿಗೆ ಇದ್ದವು. ನುಂಗಿದರೆ ಹೊಟ್ಟೆ ತೊಳಸುತ್ತದಂತೆ. ಇವಳೊಬ್ಬಳ ಕಥೆಯಲ್ಲ ಇದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ಅವರಲ್ಲಿ ಎಷ್ಟು ಮಂದಿ ಕೂದಲೆಣ್ಣೆ ಬದಲಿಸುತ್ತ ಕೂತಿದ್ದಾರೋ!

ಗುಳಿಗೆ ಊಟದ ನಂತರ ನುಂಗಬೇಕು, ಅದರ ಮೇಲೆ ಚಹಾ ಕುಡಿಯಬಾರದು, ನಿಂಬೆಹಣ್ಣಿನ ಪಾನಕ ಕುಡಿದರೆ ಒಳ್ಳೆಯದು ಎಂದು ಡಾಕ್ಟರಮ್ಮ ಬರೆದುಕೊಟ್ಟರು. ನಮ್ಮ ಮನೆಯವರು ಮೆಂತೆ ಪಲ್ಲೆ, ಹೆಸರುಕಾಳಿನ ಉಸುಳಿ, ರೊಟ್ಟಿಗೆ ಶೇಂಗಾ ಹಿಂಡಿ ಶುರು ಹಚ್ಚಿದರು. ಕೂದಲು ಪ್ರೋಟೀನಿನದು ಎಂದ ಮೇಲೆ ಅದು ತಟ್ಟೆಯಿಂದಲೇ ಬರಬೇಕಲ್ಲ. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 11.6 ಆಯಿತು. ಸಂಕ್ರಾಂತಿ ಕಳೆದು ಹಣೆಯ ಅಂಚಿನಲ್ಲಿ ಗುಬ್ಬಿಮರಿಯ ಗರಿಯಂತೆ ಸಣ್ಣ ಕೂದಲು ಎದ್ದು ನಿಂತವು. ಎಣ್ಣೆ ಹಚ್ಚಿದರೂ ಬಗ್ಗುವುದಿಲ್ಲ ಎಂದು ಈಗ ಅದಕ್ಕೇ ತಕರಾರು!

ಇಲ್ಲೊಂದು ಮೋಜು ಇದೆ. ನಮ್ಮ ಓಣಿಯಲ್ಲೇ ಅವಳ ಗೆಳತಿಗೂ ಅದೇ ಮಳೆಗಾಲದಲ್ಲಿ ಜ್ವರ ಬಂದು ಕೂದಲು ಉದುರಿತ್ತು. ಅವರ ಮನೆಯಲ್ಲಿ ಕಿಟ್ ತರಿಸಿದರು. ಅವಳ ಕೂದಲೂ ಅದೇ ಸಂಕ್ರಾಂತಿಯ ಹೊತ್ತಿಗೆ ಬಂತು. ಆ ಹುಡುಗಿ ಕಿಟ್ಟಿನಿಂದಲೇ ಬಂತು ಎನ್ನುತ್ತಾಳೆ. ಅವಳದೇನು ತಪ್ಪು? ಕಣ್ಣಾರೆ ಕಂಡಿದ್ದಾಳೆ. ಕಪ್ಪೆ ವಟಗುಟ್ಟಿತು, ಮಳೆ ಬಂತು. ಆದರೆ ಪಕ್ಕದ ಹೊಲದಲ್ಲಿ ಕಪ್ಪೆ ಇರಲಿಲ್ಲ, ಅಲ್ಲೂ ಮಳೆ ಬಂತು. ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಮೂರು ತಿಂಗಳು ಬಿಡದೆ ಬಳಸಿ ಎಂದು ಅವರು ಹೇಳುವುದು ಸುಮ್ಮನೆ ಅಲ್ಲ. ನನ್ನ ಮೊಮ್ಮಗಳಿಗೂ ಇನ್ನೂ ಪೂರ್ತಿ ನಂಬಿಕೆ ಇಲ್ಲ. “ಆಕಿ ಕೂದಲಾ ನನ್ನಕಿಂತಾ ಜಾಸ್ತಿ ಮಿಂಚ್ತಾವಲ್ಲ ಅಜ್ಜಾ” ಎನ್ನುತ್ತಾಳೆ. ಮಿಂಚುವುದು ನಿಜ. ಅದು ಕಂಡಿಶನರಿನ ಗುಣ. ಅದು ಹುರುಪೆಗಳ ಮೇಲೆ ತೆಳುವಾಗಿ ಅಂಟಿಕೊಂಡು ಕೂದಲನ್ನು ನುಣುಪು ಮಾಡುತ್ತದೆ. ಉದ್ದ ಕೂದಲು ಇದ್ದವರಿಗೆ ಸಿಕ್ಕು ಬಿಡಿಸಲು ಅನುಕೂಲ, ಅದಕ್ಕೆ ಹಣ ಕೊಡಬಹುದು. ಅಗ್ಗದ್ದರಲ್ಲೂ ಅದು ಸಿಗುತ್ತದೆ. ನಾನೇ ಒಂದು ತಂದುಕೊಟ್ಟೆ.

ಹಣ ಕೊಟ್ಟರೂ ನಷ್ಟವಿಲ್ಲದ ಇನ್ನೊಂದೆರಡು ಇವೆ. ಹೊಟ್ಟಿನ ಕಾಟ ಬಹಳ ಇದ್ದರೆ ಡಾಕ್ಟರರನ್ನು ಕೇಳಿ ಕೀಟೋಕೊನಜೋಲ್ ಇರುವ ಶಾಂಪೂ. ಹೊಟ್ಟಿಗೆ ಕಾರಣ ತಲೆಯ ಜಿಡ್ಡು ತಿಂದು ಬದುಕುವ ಒಂದು ಶಿಲೀಂಧ್ರ. ಹೊಟ್ಟು ಇದ್ದಾಗ ರಾತ್ರಿಯಿಡೀ ಎಣ್ಣೆ ಹಚ್ಚಿದರೆ ಅದಕ್ಕೆ ಊಟ ಹಾಕಿದಂತೆ. ಅಜ್ಜಿಯರು ಇದನ್ನು ಒಪ್ಪುವುದಿಲ್ಲ, ನಮ್ಮ ಮನೆಯಲ್ಲೂ ಒಪ್ಪಿಲ್ಲ. ಅನುವಂಶಿಕವಾಗಿ ಬೋಳಾಗುವ ದೊಡ್ಡವರಿಗೆ ಮಿನಾಕ್ಸಿಡಿಲ್ ಎಂಬ ಔಷಧ ಇದೆ, ಹಚ್ಚುವುದು ಬಿಟ್ಟರೆ ಗಳಿಸಿದ್ದೂ ಹೋಗುತ್ತದೆ. ಬಯೋಟಿನ್ ಮಿಠಾಯಿಗಳು ಮಾತ್ರ ದಂಡ. ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬಂದದ್ದಕ್ಕೆ ಗಟ್ಟಿ ಪುರಾವೆ ಇಲ್ಲ. ಹೆಚ್ಚು ತಿಂದರೆ ಥೈರಾಯ್ಡ್, ಹೃದಯದ ರಕ್ತ ಪರೀಕ್ಷೆಯ ಫಲಿತಾಂಶವೇ ತಪ್ಪಾಗಬಹುದು ಎಂದು ಅಮೆರಿಕದ ಔಷಧ ಇಲಾಖೆ 2017ರಲ್ಲೇ ಎಚ್ಚರಿಸಿದೆ. ನನ್ನ ಓರಗೆಯವರಿಗೆ ಇನ್ನೊಂದು ಮಾತು: ಕಪ್ಪು ಮೆಹೆಂದಿ ಎಂದು ಮಾರುವ ಬಣ್ಣಗಳಲ್ಲಿ ಬಹಳಷ್ಟರಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಎರಡು ದಿನ ಮೊದಲು ಕಿವಿಯ ಹಿಂದೆ ಚುಕ್ಕೆ ಹಚ್ಚಿ ನೋಡಿಕೊಳ್ಳಿ. ಮೊಮ್ಮಗನ ಮದುವೆಯಲ್ಲಿ ಮುಖ ಬಾತುಕೊಂಡು ಕೂರುವುದಕ್ಕಿಂತ ಬಿಳಿ ಕೂದಲೇ ಲಕ್ಷಣ.

ಕೊನೆಗೆ ಕೊಬ್ಬರಿ ಎಣ್ಣೆ. ಅದು ಕೂದಲಿನೊಳಕ್ಕೆ ಇಳಿದು ಪ್ರೋಟೀನ್ ಸೋರಿ ಹೋಗುವುದನ್ನು ಕಡಿಮೆ ಮಾಡುತ್ತದೆ, ಸೂರ್ಯಕಾಂತಿ ಎಣ್ಣೆ ಹಾಗೆ ಮಾಡುವುದಿಲ್ಲ ಎಂದು 2003ರ ಒಂದು ಅಧ್ಯಯನ ತೋರಿಸಿತು. ಅಧ್ಯಯನ ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯ ವಿಜ್ಞಾನಿಗಳು. ಸಾಕ್ಷಿ ಹೇಳಿದವನು ಸೋದರಮಾವ ಆದರೂ ಸಾಕ್ಷಿ ಸುಳ್ಳೆಂದೇನೂ ಅಲ್ಲ, ಆದರೆ ಬ್ಯಾಂಕಿನವನ ಕಣ್ಣಿಗೆ ಅದು ಬೀಳದೆ ಇರದು. ಈ ಎಣ್ಣೆಯ ಮೇಲೆ ಇನ್ನೊಂದು ದೊಡ್ಡ ವ್ಯಾಜ್ಯವೂ ನಡೆಯಿತು. ತಲೆಗೆ ಹಚ್ಚುವ ಎಣ್ಣೆ ಎಂದರೆ ತೆರಿಗೆ ನೂರಕ್ಕೆ 18, ತಿನ್ನುವ ಎಣ್ಣೆ ಎಂದರೆ 5. ಸಣ್ಣ ಬಾಟಲಿಯ ಶುದ್ಧ ಕೊಬ್ಬರಿ ಎಣ್ಣೆ ಯಾವುದು? ವರ್ಷಗಟ್ಟಲೆ ವಾದ ನಡೆದು, 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಅದು ತಿನ್ನುವ ಎಣ್ಣೆಯೇ, ಕೂದಲೆಣ್ಣೆ ಎಂದು ಹೆಸರು ಹಚ್ಚಿ ಮಾರಿದರೆ ಮಾತ್ರ ಬೇರೆ ಎಂದರು. 2025ರ ಸೆಪ್ಟೆಂಬರ್ 22ರಿಂದ ಕೂದಲೆಣ್ಣೆ, ಶಾಂಪೂಗಳ ತೆರಿಗೆಯೂ 5ಕ್ಕೆ ಇಳಿದು ಜಗಳವೇ ತಣ್ಣಗಾಯಿತು.

ನಮ್ಮ ಮನೆಯ ಖರ್ಚಿನ ವಹಿಯಲ್ಲಿ ಈಗ ತಿಂಗಳ ಬಾಬು ಹೀಗಿದೆ: ಶಾಂಪೂ ಚೀಟಿ ₹30, ಕಂಡಿಶನರ್ ₹40, ಮೊಮ್ಮಗಳ ಜಡೆಯ ತುದಿ ಕತ್ತರಿಸುವುದು ಅಜ್ಜಿಯ ಕೈಯಿಂದ, ಪುಕ್ಕಟೆ. ಖಾಲಿ ಚೀಟಿಗಳನ್ನು ಮೋರಿಗೆ ಬಿಡದೆ ಡಬ್ಬಿಯಲ್ಲಿ ಕೂಡಿಡುವ ಕೆಲಸ ನನ್ನದು, ಇಲ್ಲದಿದ್ದರೆ ಎಲ್ಲ ಹಿರಣ್ಯಕೇಶಿಗೇ ಹೋಗುತ್ತವೆ. ಕೊಬ್ಬರಿ ಎಣ್ಣೆಯನ್ನು ಮಾತ್ರ ಅಡುಗೆ ಸಾಮಾನಿನ ಕಾಲಮ್ಮಿನಲ್ಲಿ ಬರೆಯುತ್ತೇನೆ. ಸುಪ್ರೀಂ ಕೋರ್ಟೇ ಹೇಳಿದ ಮೇಲೆ ನಾನ್ಯಾರು ಬೇರೆ ಬರೆಯಲು?